ಗೃಹಭಂಗ ನೋಡಿದ ಮನೆ

ಕಥೆಯ ಕೊನೆ ಗೊತ್ತಿದ್ದವರು ನಮ್ಮ ಮನೆಯಲ್ಲಿ ಇಬ್ಬರೇ. ಒಬ್ಬರು ಮಾವ, ಇನ್ನೊಬ್ಬಳು ನಾನು. ಮಿಕ್ಕವರೆಲ್ಲ ಭೈರಪ್ಪನವರ ಕಾದಂಬರಿ 'ಗೃಹಭಂಗ'ವನ್ನು ಟೀವಿಯಲ್ಲೇ ಮೊದಲ ಸಲ ಕಂಡವರು. ಕಥಾನಾಯಕಿ ನಂಜಮ್ಮನಿಗೆ ಏನಾಗುತ್ತದೆ, ಅವಳ ಮಕ್ಕಳಿಗೆ ಏನಾಗುತ್ತದೆ ಅಂತ ಗೊತ್ತಿಲ್ಲದವರ ಪಕ್ಕ, ಗೊತ್ತಿದ್ದೂ ಬಾಯಿ ಬಿಡದೆ ತಿಂಗಳುಗಟ್ಟಲೆ ಕೂರುವುದು ಎಂಥ ಕೆಲಸ ಅನ್ನುವುದು ನನಗೆ ಆಗ ಗೊತ್ತಾಯಿತು.

ಅರಸೀಕೆರೆಗೆ ಸೊಸೆಯಾಗಿ ಬಂದು ಆಗಿನ್ನೂ ಜಾಸ್ತಿ ದಿನವಾಗಿರಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ಮಾವ, ಅತ್ತೆ, ಮಾವನ ತಾಯಿ, ನನ್ನ ಗಂಡ, ನಾನು. ಅಜ್ಜಿಗೆ ಎಂಬತ್ತು ದಾಟಿತ್ತು. ಓದು ಬರಹ ಬರುತ್ತಿರಲಿಲ್ಲ. ಕಿವಿ ಮಾತ್ರ ಬಲು ಚುರುಕು, ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಜಗುಲಿಯಿಂದ ಉತ್ತರ ಬರುತ್ತಿತ್ತು. ಈಟಿವಿ ಕನ್ನಡ 2000ದ ಕೊನೆಯಲ್ಲಿ ಶುರುವಾದ ಚಾನೆಲ್ಲು. ಅದರಲ್ಲಿ ಗಿರೀಶ ಕಾಸರವಳ್ಳಿಯವರು ಭೈರಪ್ಪನವರ 'ಗೃಹಭಂಗ'ವನ್ನು ಧಾರಾವಾಹಿ ಮಾಡುತ್ತಾರಂತೆ ಅಂತ ಸುದ್ದಿ ಬಂದಾಗ ನಮ್ಮ ಮಾವ ಪೇಪರು ಮಡಚಿಟ್ಟು, "ಕೆಡಿಸ್ತಾರೆ" ಅಂದರು. ನೋಡುವ ಮೊದಲೇ ತೀರ್ಪು.

ಅವರಿಗೆ ಹಾಗೆ ಅನ್ನಿಸಲು ಕಾರಣವಿತ್ತು. ಕಾದಂಬರಿ ಬಂದದ್ದು 1970ರಲ್ಲಿ. ಕಥೆ ನಡೆಯುವುದು ತಿಪಟೂರು ತಾಲೂಕು, ಕಂಬನಕೆರೆ ಹೋಬಳಿ, ರಾಮಸಂದ್ರದಲ್ಲಿ. ಭೈರಪ್ಪನವರ ಊರು ಸಂತೇಶಿವರ, ಚನ್ನರಾಯಪಟ್ಟಣ ತಾಲೂಕು. ಎರಡೂ ನಮಗೆ ಬಸ್ಸಿನಲ್ಲಿ ಹೋಗಿ ಬರುವ ಕಡೆಗಳು. ಕಥೆ ಸತ್ತು ಹೋದ ಶ್ಯಾನುಭೋಗರೊಬ್ಬರ, ಅಂದರೆ ಊರಿನ ಲೆಕ್ಕ ಬರೆಯುವವರೊಬ್ಬರ ಮನೆಯದು. ನಮ್ಮ ಮಾವನ ತಂದೆಯೂ ಶ್ಯಾನುಭೋಗರೇ. ಅಂದರೆ ಆ ಪುಸ್ತಕ ಅವರ ಪಾಲಿಗೆ ಸಾಹಿತ್ಯ ಅನ್ನುವುದಕ್ಕಿಂತ ಮನೆಯ ಕಾಗದಪತ್ರ ಇದ್ದ ಹಾಗೆ. ಬೈಂಡು ಕಿತ್ತು ಹೋಗಿ, ದಾರ ಹಾಕಿ ಹೊಲಿಸಿ, ಬೀರುವಿನಲ್ಲಿ ಜಮೀನಿನ ಪತ್ರಗಳ ಪಕ್ಕದಲ್ಲೇ ಇಟ್ಟಿದ್ದರು. ಇನ್ನೊಬ್ಬರು ಅದಕ್ಕೆ ಕೈ ಹಾಕುವುದು ಅವರಿಗೆ ಸೇರುತ್ತಿರಲಿಲ್ಲ. ಅದರಲ್ಲೂ ಕಾಸರವಳ್ಳಿಯವರು ತೀರ್ಥಹಳ್ಳಿ ಕಡೆಯವರು. "ಮಲೆನಾಡಿನವರಿಗೆ ನಮ್ಮ ಬಯಲುಸೀಮೆ ಬರಗಾಲ ಏನು ಗೊತ್ತು?" ಅನ್ನೋದು ಮಾವನ ವಾದ. 'ಘಟಶ್ರಾದ್ಧ', 'ತಬರನ ಕಥೆ' ಮಾಡಿದವರ ಬಗ್ಗೆ ಈ ಮಾತು ಹೇಳಬಹುದೇ ಅಂತ ನಾನು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ಮೊದಲ ಕಂತಿನ ಹೊತ್ತಿಗೆ ಅವರು ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೂತರು. ಟೀವಿಯಲ್ಲಿ ಬಂದದ್ದು ಪುಸ್ತಕದಲ್ಲಿ ಎಲ್ಲಿದೆ ಅಂತ ಹುಡುಕುವುದು, ಬಿಟ್ಟುಹೋಗಿದೆ ಅನ್ನಿಸಿದ ಕಡೆ ಪುಟದ ಅಂಚಿಗೆ ಗೆರೆ ಹಾಕುವುದು. ಜಾಹೀರಾತು ಬಂದಾಗ ವರದಿ ಒಪ್ಪಿಸುವುದು. "ಇಲ್ಲಿ ಎರಡು ಪುಟ ಹಾರಿಸಿದ್ರು." "ಈ ಮಾತು ಇವಳು ಹೇಳಲ್ಲ, ಅವಳು ಹೇಳೋದು." ಅತ್ತೆಗೆ ರೇಗಿಹೋಗುತ್ತಿತ್ತು. "ನೀವೇನು ಜಮಾಬಂದಿ ಮಾಡೋಕೆ ಕೂತಿದ್ದೀರಾ, ಸುಮ್ನೆ ನೋಡಬಾರದಾ?" ಜಮಾಬಂದಿ ಅಂದರೆ ಊರಿನ ಕಂದಾಯದ ಲೆಕ್ಕದ ತಪಾಸಣೆ.

ಪುಸ್ತಕ ಓದಿದವರ ಈ ಕಾಯಿಲೆ ನನಗೂ ಇತ್ತು. ಭೈರಪ್ಪನವರ ಓದುಗರಿಗೆ ಇದು ಹೊಸದಲ್ಲ. 'ವಂಶವೃಕ್ಷ' 1972ರಲ್ಲಿ ಸಿನಿಮಾ ಆಯಿತು, ಆಮೇಲೆ 'ತಬ್ಬಲಿಯು ನೀನಾದೆ ಮಗನೆ', ಆಮೇಲೆ 'ಮತದಾನ'. ಪ್ರತಿ ಸಲವೂ ಇದೇ ಮಾತು, ಪುಸ್ತಕದಲ್ಲಿ ಹೀಗಿಲ್ಲ ಅಂತ. ಆದರೆ ಸಿನಿಮಾ ಎರಡು ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಬೈದುಕೊಂಡು ಮನೆಗೆ ಬಂದರೆ ಆಯಿತು. ಧಾರಾವಾಹಿ ಹಾಗಲ್ಲ. ಅದು ನಮ್ಮ ಮನೆಗೇ ಬರುತ್ತದೆ, ನಾವು ಹುಳಿ ಕಲಸಿಕೊಂಡು ಊಟ ಮಾಡುವಾಗ ಎದುರಿಗಿರುತ್ತದೆ. ತಿಂಗಳು ಕಳೆದರೂ ಹೋಗುವುದಿಲ್ಲ.

ನನ್ನ ತಕರಾರು ಬೇರೆ, ಮುಖದ್ದು. ನನ್ನ ಮನಸ್ಸಿನಲ್ಲಿ ನಂಜಮ್ಮನಿಗೆ ನಮ್ಮ ದೊಡ್ಡಮ್ಮನ ಮುಖ ಇತ್ತು. ಸಣಕಲು ಮೈ, ಎತ್ತಿ ಕಟ್ಟಿದ ತುರುಬು. ಟೀವಿಯಲ್ಲಿ ಮಾಳವಿಕಾ ಬಂದರು. ಮೊದಲ ಕಂತುಗಳಲ್ಲಿ "ಇವರಲ್ಲ, ಇವರಲ್ಲ" ಅಂತ ಒಳಗೇ ಅನ್ನಿಸುತ್ತಿತ್ತು. ಅದು ಯಾವಾಗ ನಿಂತಿತೋ ಗೊತ್ತಿಲ್ಲ. ಒಂದು ದಿನ ದೊಡ್ಡಮ್ಮನನ್ನು ನೆನೆಸಿಕೊಂಡರೂ ನಂಜಮ್ಮ ಬರಲಿಲ್ಲ, ಮಾಳವಿಕಾ ಬಂದರು. ಇವತ್ತಿಗೂ ಪುಸ್ತಕ ತೆಗೆದರೆ ಅವರೇ ಬರುತ್ತಾರೆ. ಇದು ಅವರ ನಟನೆಯ ಗೆಲುವು, ನಿಜ. ನನಗೆ ಮಾತ್ರ ಏನೋ ಕಳೆದುಕೊಂಡ ಹಾಗೆ ಈಗಲೂ ಅನ್ನಿಸುತ್ತದೆ. ನಂಜಮ್ಮನ ಅತ್ತೆ ಗಂಗಮ್ಮನ ಮುಖ ಬದಲಾಗಲಿಲ್ಲ. ಆಕೆ ನಮ್ಮ ನೆಂಟರಲ್ಲೇ ಇದ್ದರು. ಯಾರು ಅಂತ ಹೇಳಲ್ಲ.

ಗಂಗಮ್ಮನ ವಿಷಯಕ್ಕೆ ಬಂದೆ. ಓದುವಾಗ ಆಕೆಯ ಬೈಗುಳ ನಮ್ಮ ಕಣ್ಣಿಗೆ ಮಾತ್ರ ಬೀಳುತ್ತದೆ. ಆ ಪುಸ್ತಕದ ಬೈಗುಳಗಳನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಲಾಗುವುದಿಲ್ಲ. ಟೀವಿಯಲ್ಲಿ ಅತ್ತೆ ಸೊಸೆಯನ್ನು ಕಾಡುವುದನ್ನು ಅತ್ತೆ ಸೊಸೆ ಇಬ್ಬರೂ ಒಂದೇ ದಿವಾನದ ಮೇಲೆ ಕೂತು ನೋಡುವುದು ಇದೆಯಲ್ಲ, ಅದು ಬೇರೆಯೇ ಕಥೆ. ಗಂಗಮ್ಮ ಬಾಯಿ ತೆಗೆದ ಕೂಡಲೇ ನಾನು ಕೈಯಲ್ಲಿನ ಹುರುಳಿಕಾಯಿಯ ನಾರು ತೆಗೆಯುವುದರಲ್ಲಿ ಮುಳುಗಿಬಿಡುತ್ತಿದ್ದೆ. ಅತ್ತೆ ಹಾಲು ಉಕ್ಕಿತೇನೋ ಅಂತ ಎದ್ದು ಹೋಗುತ್ತಿದ್ದರು. ಹಾಲು ಒಲೆಯ ಮೇಲೆ ಇಟ್ಟೇ ಇರುತ್ತಿರಲಿಲ್ಲ.

ಒಂದು ಸಲ ಅತ್ತೆ ತಡೆಯಲಾರದೆ, "ಹೀಗೆಲ್ಲ ಯಾರ ಮನೇಲಿರುತ್ತೆ? ಜಾಸ್ತಿ ಮಾಡಿದ್ದಾರೆ ಅಲ್ವಾ?" ಅಂತ ನನ್ನ ಕಡೆ ತಿರುಗಿದರು. ನಾನು ಹೌದು ಅನ್ನಲೋ ಅಲ್ಲ ಅನ್ನಲೋ? ಅಷ್ಟರಲ್ಲಿ ಜಗುಲಿ ಕಡೆಯ ಬೆತ್ತದ ಕುರ್ಚಿಯಿಂದ ಅಜ್ಜಿ ಹೇಳಿದರು: "ಕಡಿಮೆ ಮಾಡಿದ್ದಾರೆ. ನಮ್ಮತ್ತೆ ಬೈತಿದ್ದಿದ್ದು ಕೇಳಿದ್ರೆ ಈ ಟೀವಿ ಒಡೆದು ಹೋಗೋದು." ಅತ್ತೆ ನಕ್ಕುಬಿಟ್ಟರು. ನಾನೂ ನಕ್ಕೆ. ಅವತ್ತಿನಿಂದ ಹಾಲು ಉಕ್ಕುವುದು ನಿಂತಿತು.

ಅಜ್ಜಿಯ ನೋಟವೇ ಬೇರೆ ಅಂತ ನನಗೆ ಹೊಳೆದದ್ದು ಅಲ್ಲಿಂದ. ಮಾವ ಟೀವಿಯನ್ನು ಪುಸ್ತಕದ ಜೊತೆ ಹೋಲಿಸುತ್ತಿದ್ದರು. ಅತ್ತೆ ಬೇರೆ ಧಾರಾವಾಹಿಗಳ ಜೊತೆ ಹೋಲಿಸುತ್ತಿದ್ದರು, ಅಲ್ಲಿ ಸೊಸೆ ಕೊನೆಗೆ ಗೆಲ್ಲುತ್ತಾಳೆ. ಅಜ್ಜಿ ಹೋಲಿಸುತ್ತಿದ್ದದ್ದು ತಾವು ಬಾಳಿದ ಬಾಳಿನ ಜೊತೆ. ಆ ಕಾಲ ಅವರದು. ಕಾದಂಬರಿಯ ಕಾಲ 1920ರ ದಶಕದಿಂದ 40ರ ದಶಕದವರೆಗಿನದು, ಅಜ್ಜಿ ಹುಡುಗಿಯಾಗಿ, ಮದುವೆಯಾಗಿ, ಬಾಣಂತಿಯಾಗಿ ಓಡಾಡಿದ ವರ್ಷಗಳು. ಯಾರ ಬದುಕನ್ನು ಭೈರಪ್ಪ ಬರೆದರೋ ಅವರಲ್ಲಿ ಎಷ್ಟೋ ಜನ ಹೆಂಗಸರಿಗೆ ಆ ಪುಸ್ತಕ ಓದಲು ಬರುತ್ತಿರಲಿಲ್ಲ. ಮೂವತ್ತು ವರ್ಷ ಬೀರುವಿನಲ್ಲಿದ್ದ ಪುಸ್ತಕದಲ್ಲಿ ಏನಿದೆ ಅಂತ ನಮ್ಮಜ್ಜಿಗೆ ಯಾರೂ ಹೇಳಿರಲಿಲ್ಲ.

ಗಂಡಸರ ಪ್ರತಿಕ್ರಿಯೆ ಬಗ್ಗೆ ಹೇಳಬೇಕು. ಅದು ತಡವಾಗಿ ಬಂತು, ಅಡ್ಡದಾರಿಯಲ್ಲಿ ಬಂತು. ನಂಜಮ್ಮನ ಗಂಡ ಚೆನ್ನಿಗರಾಯ ಹೊಡೆದು ಬಡಿದು ಮಾಡುವ ಖಳನಾಯಕನಲ್ಲ. ಅವನಿಗೆ ಊಟ ಬೇಕು, ಅಷ್ಟೇ. ಮಕ್ಕಳಿಗೆ ಇದೆಯೋ ಇಲ್ಲವೋ ನೋಡುವುದಿಲ್ಲ. ಹೆಸರಿಗೆ ಶ್ಯಾನುಭೋಗ, ಲೆಕ್ಕ ಬರೆಯುವವಳು ಹೆಂಡತಿ. ಮುತ್ತುಗದ ಎಲೆ ಹಚ್ಚಿ ಮಾರಿ ಮನೆ ನಡೆಸುವವಳೂ ಅವಳೇ. ಅವನನ್ನು ನೋಡುವಾಗ ನಮ್ಮ ಮನೆಯ ಗಂಡಸರು ಮಾತೇ ಆಡುತ್ತಿರಲಿಲ್ಲ. ಗಂಗಮ್ಮನನ್ನು ಬೈಯಲು ಎಲ್ಲರೂ ಮುಂದು, ಚೆನ್ನಿಗರಾಯನ ಸರದಿ ಬಂದಾಗ ಮೌನ.

ಒಂದು ರಾತ್ರಿ ನನ್ನ ಗಂಡ ಬಾಣಲೆಯಲ್ಲಿದ್ದ ಕೊನೆಯ ಹಪ್ಪಳವನ್ನು ಯಾರಿಗೂ ಕೇಳದೆ ಎತ್ತಿಕೊಂಡರು. ಅತ್ತೆ ಶಾಂತವಾಗಿ, "ತಗೋ ಚೆನ್ನಿಗರಾಯ" ಅಂದರು. ಹಪ್ಪಳ ಅರ್ಧ ದಾರಿಯಲ್ಲಿ ನಿಂತಿತು. ಅಲ್ಲಿಂದ ಆ ಹೆಸರು ನಮ್ಮ ಮನೆಯಲ್ಲಿ ಉಳಿದುಕೊಂಡಿತು. ಬೇರೆಯವರು ಉಂಡರೋ ಇಲ್ಲವೋ ಕೇಳದೆ ತಟ್ಟೆ ಹಾಕಿಕೊಂಡವರೆಲ್ಲ ಚೆನ್ನಿಗರಾಯರೇ. ಮಾವನಿಗೂ ಒಂದೆರಡು ಸಲ ಬಿತ್ತು. ಸ್ಟಾಫ್ ರೂಮಿನಲ್ಲಿ ಹೇಳಿದರೆ, ಇನ್ನಿಬ್ಬರು ಟೀಚರುಗಳ ಮನೆಯಲ್ಲೂ ಇದೇ ನಡೆದಿದೆಯಂತೆ. ಪುಸ್ತಕ ಓದಿ ಯಾವ ಮನೆಯಲ್ಲೂ ಗಂಡನಿಗೆ ಹೀಗೆ ಹೆಸರು ಬಿದ್ದದ್ದು ನಾನು ಕೇಳಿಲ್ಲ. ಹಾಗೆ ಬೀಳಬೇಕಾದರೆ ಮನೆಮಂದಿಗೆಲ್ಲ ಒಟ್ಟಿಗೆ ಗೊತ್ತಿರಬೇಕು.

ಆಗ ಕರೆಂಟಿನದು ದೊಡ್ಡ ಗೋಳು. ಸರಿಯಾಗಿ ಕಂತು ಶುರುವಾಗುವ ಹೊತ್ತಿಗೇ ತೆಗೆಯುತ್ತಿದ್ದರು. ಕೇಬಲ್‌ನವನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಅವನೂ ಕತ್ತಲಲ್ಲೇ ಇರುತ್ತಿದ್ದ. ಆಗ ಎದುರುಮನೆಯ ಅಜ್ಜಿ, ಪಕ್ಕದ ಮನೆಯ ಹೆಂಗಸರು ಎಲ್ಲ ನಮ್ಮ ಜಗುಲಿಗೆ ಬಂದು, "ಇವತ್ತಿಂದು ಏನಿತ್ತು ಹೇಳಮ್ಮ, ನೀನು ಓದಿದ್ದೀಯಲ್ಲ" ಅಂತ ಕೂರುತ್ತಿದ್ದರು. ನಾನು ಹೇಳುತ್ತಿದ್ದೆ. ಹೇಳಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಿದ್ದೆ. ಇವತ್ತಿನ ಕಂತಿನಲ್ಲಿ ಎಲ್ಲಿಯವರೆಗೆ ತೋರಿಸಿದ್ದಾರೋ ನನಗೇನು ಗೊತ್ತು? ಜಾಸ್ತಿ ಹೇಳಿದರೆ ಮುಂದಿನದು ಬಾಯಿ ಬಿಟ್ಟ ಹಾಗೆ, ಕಡಿಮೆ ಹೇಳಿದರೆ ಅವರಿಗೆ ಸಾಲದು. ಮಾರನೇ ದಿನ ತುಮಕೂರಿನಲ್ಲಿದ್ದ ನಾದಿನಿಗೆ ಫೋನ್ ಹಚ್ಚಿ ಕೇಳಿದಾಗ, ನಾನು ಹೇಳಿದ್ದಕ್ಕೂ ಟೀವಿಯಲ್ಲಿ ಬಂದದ್ದಕ್ಕೂ ತಾಳೆ ಇರುತ್ತಿರಲಿಲ್ಲ. ಎದುರುಮನೆ ಅಜ್ಜಿಯದು ಖಡಾಖಂಡಿತ ತೀರ್ಪು: "ನೀನು ಹೇಳಿದ್ದೇ ಚೆನ್ನಾಗಿತ್ತು. ಟೀವಿಯೋರು ನಿಧಾನ ಮಾಡ್ತಾರೆ."

ಸ್ಟಾಫ್ ರೂಮಿನಲ್ಲಿ ಎರಡು ಪಂಗಡ. ಮೊದಲನೆಯದು, "ಇಷ್ಟು ಗೋಳು ಯಾಕೆ ತೋರಿಸಬೇಕು? ಇಡೀ ದಿನ ಮಕ್ಕಳ ಜೊತೆ ಒದ್ದಾಡಿ ಮನೆಗೆ ಹೋದ ಮೇಲೆ ಇದನ್ನ ಬೇರೆ ನೋಡಬೇಕಾ" ಅನ್ನುವವರದು. ಹಾಗನ್ನುತ್ತಲೇ ಒಂದು ಕಂತೂ ಬಿಡದೆ ನೋಡುತ್ತಿದ್ದರು. ಎರಡನೆಯದು, ನಂಜಮ್ಮ ಯಾಕೆ ಬಿಟ್ಟು ಹೋಗಲಿಲ್ಲ ಅಂತ ಜಗಳಕ್ಕೆ ಬರುವವರದು. ಹೊಸದಾಗಿ ಬಂದಿದ್ದ ಗಣಿತದ ಮೇಡಂ ಒಬ್ಬರು, "ಓದಿದವಳು, ಲೆಕ್ಕ ಬಲ್ಲವಳು. ಮಕ್ಕಳನ್ನ ಕರಕೊಂಡು ಹೊರಟುಹೋಗಬೇಕಿತ್ತು. ಕಾದಂಬರಿ ಬರೆದವರಿಗೆ ಹೆಂಗಸು ಅಳ್ತಾನೇ ಇರಬೇಕು" ಅಂತ ಸಿಟ್ಟಾದರು. ನಂಜಮ್ಮ ಅಳುವುದು ಕಡಿಮೆ ಅಂತ ನಾನು ವಾದಿಸಿದೆ. ಅವಳು ಒಂದಲ್ಲ ಒಂದು ಕೆಲಸ ಮಾಡುತ್ತಲೇ ಇರುತ್ತಾಳೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಹುಡುಕುತ್ತಾಳೆ. ಆದರೂ ಆ ಪ್ರಶ್ನೆ ತಲೆಯಲ್ಲಿ ಕೊರೆಯಿತು. ಮನೆಗೆ ಬಂದು ಅಜ್ಜಿಯನ್ನು ಕೇಳಿದೆ, ಯಾಕಜ್ಜಿ ಅವಳು ಬಿಟ್ಟು ಹೋಗಲಿಲ್ಲ ಅಂತ.

"ಎಲ್ಲಿಗೆ?" ಅಂದರು ಅಜ್ಜಿ.

ನಾನು ಕಾಯುತ್ತಾ ನಿಂತೆ. ಮುಂದೆ ಇನ್ನೇನೂ ಇರಲಿಲ್ಲ. ನನ್ನ ಪ್ರಶ್ನೆಯೇ ಅವರಿಗೆ ಅರ್ಥವಾಗಿರಲಿಲ್ಲ ಅಂತ ಕಾಣುತ್ತದೆ.

ಲೆಕ್ಕದ ವಿಷಯ ಬಂದ ದಿನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಂಜಮ್ಮ ಗಂಡನ ಶ್ಯಾನುಭೋಗಿಕೆಯ ಪುಸ್ತಕ ಬರೆಯಲು ಕೂರುವ ಭಾಗ ಅದು. ಶ್ಯಾನುಭೋಗಿಕೆ ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಊರಿನ ಜಮೀನು, ಕಂದಾಯ, ಬೆಳೆ ಎಲ್ಲದರ ಲೆಕ್ಕ ಇಡುವ ಕೆಲಸ, ತಂದೆಯಿಂದ ಮಗನಿಗೆ ಬರುತ್ತಿತ್ತು. ಕೆಲಸ ಬರದಿದ್ದರೂ ಮಗನೇ ಶ್ಯಾನುಭೋಗ. 1961ರ ಕಾನೂನು ಈ ವಂಶದ ಹುದ್ದೆಗಳನ್ನು ತೆಗೆದುಹಾಕಿತು. ನಮ್ಮ ಮಾವನ ತಂದೆ ಆ ಕೊನೆಯ ತಲೆಮಾರಿನವರು. ಅವರು ಕಾಗದಕ್ಕೆ ಗೆರೆ ಎಳೆಯುತ್ತಿದ್ದ ಗುಂಡನೆಯ ರೂಲುಕೋಲು ಈಗಲೂ ನಮ್ಮ ಮನೆಯಲ್ಲಿದೆ, ಕರಿಮರದ್ದು, ಒಂದು ತುದಿ ಸೀಳಿದೆ.

ಮಾವ ಅವತ್ತು ಹುರುಪಿನಲ್ಲಿದ್ದರು. ಇದು ತಮ್ಮ ಕ್ಷೇತ್ರ ಅಲ್ಲವೇ? ಗೆರೆ ಹೇಗೆ ಹಾಕುತ್ತಿದ್ದರು, ಖಾತೆ ಹೇಗೆ ಕೂಡುತ್ತಿದ್ದರು, ಜಮಾಬಂದಿಗೆ ತಾಲೂಕಿನ ಅಧಿಕಾರಿ ಅಮಲ್ದಾರರು ಬಂದರೆ ಊರೆಲ್ಲ ಹೇಗೆ ನಡುಗುತ್ತಿತ್ತು ಅಂತ ಶುರುಮಾಡಿದರು. "ನಮ್ಮಪ್ಪನ ಲೆಕ್ಕದಲ್ಲಿ ಒಂದು ಪೈ ತಪ್ಪಿದ್ದಿಲ್ಲ" ಅಂದರು.

"ಹೇಗೆ ತಪ್ಪುತ್ತೆ? ಕೂಡಿಸ್ತಿದ್ದೋಳು ನಾನಲ್ವೇನೋ" ಅಂದರು ಅಜ್ಜಿ.

ಮಾವ ಟೀವಿಯ ಸದ್ದು ಕಡಿಮೆ ಮಾಡಿದರು. ಪುಸ್ತಕ ಮುಚ್ಚಿದರು. ಅಜ್ಜಿಗೆ ಅದೇನು ದೊಡ್ಡ ಸಂಗತಿ ಅಂತ ಗೊತ್ತಾಗಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಾತ ಲಾಟೀನಿನ ಬೆಳಕಿನಲ್ಲಿ ಒಂದೊಂದೇ ಬಾಬತ್ತು ಓದಿ ಹೇಳುವುದು, ಅಜ್ಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ರೂಪಾಯಿ, ಆಣೆ, ಪೈ ಕೂಡುತ್ತಾ ಹೋಗುವುದು. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. ಕೊನೆಗೆ ಮೊತ್ತ ಹೇಳಿದರೆ ತಾತ ಬರೆದುಕೊಳ್ಳುವುದು. ಅಕ್ಷರ ಬರದಿದ್ದರೂ ಬಾಯಿಲೆಕ್ಕ ಬರುತ್ತಿತ್ತು, ತವರಿನಲ್ಲಿ ತೆಂಗಿನಕಾಯಿ ಎಣಿಸಿ ಎಣಿಸಿ ಕಲಿತದ್ದಂತೆ.

"ನಂಗೆ ಯಾವತ್ತೂ ಹೇಳಲೇ ಇಲ್ವಲ್ಲಮ್ಮ" ಅಂದರು ಮಾವ.

"ನೀನು ಕೇಳಿದ್ಯಾ?"

ಆ ಕಂತಿನ ಉಳಿದ ಭಾಗ ಯಾರೂ ನೋಡಲಿಲ್ಲ. ಧಾರಾವಾಹಿ ಪುಸ್ತಕಕ್ಕೆ ನಿಷ್ಠವಾಗಿತ್ತೋ ಇಲ್ಲವೋ ಅಂತ ನಾನು ಮಾವನ ಜೊತೆ ವಾದ ಮಾಡುವುದನ್ನು ಅವತ್ತಿಗೆ ಬಿಟ್ಟೆ. ಅವರು ಪೆನ್ಸಿಲ್ ಬಿಡಲಿಲ್ಲ, ಆದರೆ ಆಮೇಲೆ ಜಾಹೀರಾತಿನಲ್ಲಿ ವರದಿ ಒಪ್ಪಿಸುವ ಬದಲು ಅಜ್ಜಿಯ ಕಡೆ ತಿರುಗಿ, "ಹೌದಾ ಅಮ್ಮ, ಹೀಗೇ ಇತ್ತಾ?" ಅಂತ ಕೇಳತೊಡಗಿದರು. ಅಜ್ಜಿ ಸುಲಭವಾಗಿ ಒಪ್ಪುವವರಲ್ಲ. ಸೀರೆ ತುಂಬಾ ಶುಭ್ರ ಅನ್ನುತ್ತಿದ್ದರು. ಹಸಿದವರ ನಡಿಗೆ ಹಾಗಿರಲ್ಲ ಅನ್ನುತ್ತಿದ್ದರು. ಒಲೆ ಊದುವಾಗ ಕಣ್ಣು ಹಾಗಿರಲ್ಲ ಅನ್ನುತ್ತಿದ್ದರು. ಒಮ್ಮೊಮ್ಮೆ ಏನೂ ಅನ್ನದೆ ತಲೆ ಮಾತ್ರ ಆಡಿಸುತ್ತಿದ್ದರು. ಅದು ದೊಡ್ಡ ಸರ್ಟಿಫಿಕೇಟು.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. ನಂಜಮ್ಮನಿಗೆ ಮೂವರು ಮಕ್ಕಳು: ಪಾರ್ವತಿ, ರಾಮಣ್ಣ, ವಿಶ್ವ. ಅತ್ತೆಗೆ ಆ ಮಕ್ಕಳ ಮೇಲೆ ವಿಪರೀತ ಅಕ್ಕರೆ ಬೆಳೆದುಬಿಟ್ಟಿತ್ತು. ಪಾರ್ವತಿಯ ಮದುವೆ ಆದಾಗ "ಸದ್ಯ, ಆ ಹುಡುಗಿಯಾದ್ರೂ ಎರಡು ಹೊತ್ತು ಉಣ್ತಾಳೆ" ಅಂತ ನಿಟ್ಟುಸಿರು ಬಿಟ್ಟರು. ರಾಮಣ್ಣ ಓದಿನಲ್ಲಿ ಚುರುಕು. "ಇವನು ಅಮಲ್ದಾರ ಆಗ್ತಾನೆ ನೋಡ್ತಿರು, ಗಂಗಮ್ಮನ ಬಾಯಿ ಮುಚ್ಚಿಸ್ತಾನೆ" ಅಂತ ಭವಿಷ್ಯ ಹೇಳಿದರು. ಪ್ಲೇಗು ಬಂದು ಪಾರ್ವತಿಯನ್ನೂ ರಾಮಣ್ಣನನ್ನೂ ತೆಗೆದುಕೊಂಡು ಹೋಗುತ್ತದೆ ಅಂತ ನನಗೆ ಗೊತ್ತು. ಆಮೇಲೆ ನಂಜಮ್ಮನನ್ನೂ ಬಿಡುವುದಿಲ್ಲ ಅಂತಲೂ ಗೊತ್ತು. ಮಾವ ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಇಬ್ಬರೂ ಕಳ್ಳರು.

ಶಾಲೆಯಲ್ಲೂ ಅದೇ. "ಮೇಡಂ, ಕೊನೆಗೆ ಒಳ್ಳೇದಾಗುತ್ತಾ? ಅಷ್ಟು ಮಾತ್ರ ಹೇಳಿ" ಅಂತ ಒಬ್ಬರು, "ಹೇಳಬೇಡಿ, ಹೇಳಿದ್ರೆ ನಿಮ್ಮ ಜೊತೆ ಮಾತಾಡಲ್ಲ" ಅಂತ ಇನ್ನೊಬ್ಬರು. ಊರಿನ ಲೈಬ್ರರಿಯಲ್ಲಿದ್ದ ಪ್ರತಿ ಯಾವಾಗ ಕೇಳಿದರೂ ಹೊರಗಡೆ. ಯಾರೋ ಓದಿ ಮುಗಿಸಿದವರು ಮಾರುಕಟ್ಟೆಯಲ್ಲಿ ಸಿಕ್ಕಾಗ ಮಾತಿಲ್ಲದೆ ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಅವರೂ ನಮ್ಮ ಗುಂಪಿಗೆ ಸೇರಿದರು ಅಂತ ಗೊತ್ತಾಗುತ್ತಿತ್ತು.

ಅತ್ತೆಗೆ ಹೇಳಿಬಿಡೋಣ ಅಂತ ಬಹಳ ಸಲ ಅನ್ನಿಸಿತು. ಹೇಳಿದರೆ ನೋಡುವುದು ಬಿಡುತ್ತಾರೆ. ಹೇಳದಿದ್ದರೆ ಅನುಭವಿಸುತ್ತಾರೆ. ಪುಸ್ತಕವಾದರೆ ಈ ತೊಂದರೆ ಇಲ್ಲ. ತಡೆಯಲಾಗದಿದ್ದರೆ ಮುಚ್ಚಿಟ್ಟು ಅಂಗಳಕ್ಕೆ ಹೋಗಿ ಗಾಳಿ ಕುಡಿದು ಬರಬಹುದು. ನಾನು ಕಾಲೇಜಿನಲ್ಲಿ ಓದುವಾಗ ಆ ಭಾಗದಲ್ಲಿ ಪುಸ್ತಕವನ್ನು ಹಾಸಿಗೆಯ ಕೆಳಗೆ ತಳ್ಳಿ ಎರಡು ದಿನ ಮುಟ್ಟಿರಲಿಲ್ಲ. ಟೀವಿ ನಮಗೆ ಕಾಯುವುದಿಲ್ಲ.

ಇಲಿ ಸತ್ತು ಬಿದ್ದ ಸುದ್ದಿ ಬರುತ್ತಿದ್ದ ಹಾಗೇ ಅಜ್ಜಿಗೆ ಗೊತ್ತಾಗಿಹೋಯಿತು. ನಾವು ಇಷ್ಟು ದಿನ ಬಚ್ಚಿಟ್ಟದ್ದು ಅವರಿಗೆ ಒಂದು ಇಲಿಯಲ್ಲಿ ತಿಳಿಯಿತು. ಕುರ್ಚಿಯನ್ನು ಎಳೆಸಿಕೊಂಡು ಟೀವಿಯ ಹತ್ತಿರ ಬಂದರು. ಅತ್ತೆ ಇನ್ನೂ, "ಊರು ಬಿಟ್ಟು ಗುಡಿಸಲು ಹಾಕ್ಕೋತಾರಲ್ಲ, ಅಲ್ಲಿ ಏನೂ ಆಗಲ್ಲ ಅಲ್ವಾ?" ಅಂತ ಕೇಳುತ್ತಿದ್ದರು. ಅಜ್ಜಿ ಉತ್ತರ ಕೊಡಲಿಲ್ಲ.

ಮೈಸೂರು ಸೀಮೆಗೆ ಪ್ಲೇಗು ಬಂದದ್ದು 1898ರಲ್ಲಿ, ಮೊದಲು ಬೆಂಗಳೂರಿಗೆ. ಆಮೇಲೆ ಎಷ್ಟೋ ದಶಕ ಹಳ್ಳಿ ಹಳ್ಳಿಗೆ ಬಂದು ಹೋಗುತ್ತಿತ್ತು. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ. ಇಷ್ಟು ನನಗೆ ಪುಸ್ತಕದಿಂದ ಗೊತ್ತು. ಅಜ್ಜಿ ಹೇಳಿದ್ದು ಬೇರೆ. ಮನೆಯಲ್ಲಿ ಇಲಿ ಬಿದ್ದರೆ ಅದನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ, ಸೀಮೆಎಣ್ಣೆ ಸುರಿದು ಅಲ್ಲೇ ಸುಡಬೇಕು. ಬೀಗ ಹಾಕಿಕೊಂಡು ತೋಟಕ್ಕೆ ಹೋಗಬೇಕು, ತೆಂಗಿನ ಸೋಗೆಯ ಗುಡಿಸಲು. ಸೂಜಿ ಹಾಕಿಸಿಕೊಂಡರೆ ತೋಳು ಊದಿ ಜ್ವರ ಬರುತ್ತಿತ್ತು, ಅದಕ್ಕೆ ಹೆದರಿ ಹೆಂಗಸರು ಅಟ್ಟ ಹತ್ತಿ ಕೂರುತ್ತಿದ್ದರು. ಅಜ್ಜಿಯ ತಂಗಿಗೆ ಬೆಳಿಗ್ಗೆ ತೊಡೆಯ ಸಂದಿನಲ್ಲಿ ಗಂಟು ಕಾಣಿಸಿತಂತೆ. "ಅಮ್ಮ ಯಾರಿಗೂ ಹೇಳಬೇಡ ಅಂದಳು. ಹೇಳಿದ್ರೆ ಯಾರೂ ಹತ್ತಿರ ಬರಲ್ಲ ಅಂತ. ನಾನು ಹೇಳಲಿಲ್ಲ." ಮೂರನೇ ದಿನಕ್ಕೆ ಮುಗಿಯಿತು. ಆ ತಂಗಿಯ ಹೆಸರು ನಮ್ಮ ಮಾವನಿಗೇ ಗೊತ್ತಿರಲಿಲ್ಲ. ಇಷ್ಟನ್ನೂ ಅಜ್ಜಿ ಟೀವಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು, ತೆರೆಯ ಮೇಲೆ ನಡೆಯುತ್ತಿದ್ದುದಕ್ಕೆ ವಿವರಣೆ ಕೊಡುವವರ ಹಾಗೆ.

ಮಕ್ಕಳು ಹೋದ ದಿನ ಅತ್ತೆ ಊಟ ಮಾಡಲಿಲ್ಲ. ಸಿಟ್ಟು ನನ್ನ ಮೇಲೆ ಬಂತು. "ಗೊತ್ತಿದ್ದೂ ಹೇಳಲಿಲ್ಲ ಅಲ್ವಾ ನೀನು? ಆ ಮಗು ಮದುವೇಲಿ ನಾನು ಹಾಗೆ ಸಂತೋಷ ಪಡ್ತಿದ್ದಾಗ ಸುಮ್ನೆ ಕೂತಿದ್ಯಲ್ಲ." ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಭೈರಪ್ಪನವರ ಮೇಲೆ ತಿರುಗಿತು. "ಏನು ಮನುಷ್ಯರು ಅವರು? ಒಬ್ಬರನ್ನಾದ್ರೂ ಉಳಿಸಬಾರದಿತ್ತಾ? ಬರೆಯೋರ ಕೈಲೇ ಇತ್ತಲ್ಲ." ಆಗ ಮಾವ 'ಭಿತ್ತಿ'ಯ ಮಾತು ತೆಗೆದರು. 1996ರಲ್ಲಿ ಬಂದ ಆತ್ಮಕಥೆ ಅದು. ಭೈರಪ್ಪನವರ ತಾಯಿ, ಒಡಹುಟ್ಟಿದವರು ಪ್ಲೇಗಿಗೆ ಹೋದದ್ದು ಅದರಲ್ಲಿದೆ. ಅವರ ಕೈಯಲ್ಲಿ ಏನೂ ಇರಲಿಲ್ಲ ಕಣೇ, ಅಂದರು ಮಾವ. ಅತ್ತೆ ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದು ದೇವರ ದೀಪಕ್ಕೆ ಎಣ್ಣೆ ಹಾಕಿದರು. ಮಾರನೇ ಕಂತಿನಿಂದ ಒಂದು ಮಾತೂ ಆಡದೆ ಕೊನೆಯವರೆಗೆ ನೋಡಿದರು.

ಸ್ಟಾಫ್ ರೂಮಿನಲ್ಲಿ ಅವತ್ತು ಯಾರೂ ಅದರ ಮಾತೆತ್ತಲಿಲ್ಲ. ಗಣಿತದ ಮೇಡಂ ಮಾತ್ರ ನನ್ನ ಹತ್ತಿರ ಬಂದು ಪುಸ್ತಕ ಇದ್ದರೆ ಕೊಡಿ ಅಂದರು. ನಮ್ಮ ಮಾವನ ಪುಸ್ತಕ ಮನೆಯಿಂದ ಹೊರಗೆ ಹೋಗುವ ಪೈಕಿ ಅಲ್ಲ. ತಿಪಟೂರಿನಿಂದ ಒಂದು ಪ್ರತಿ ತರಿಸಿಕೊಟ್ಟೆ.

ಇಷ್ಟು ವರ್ಷದ ಮೇಲೆ ಯೋಚಿಸಿದರೆ, ನಮ್ಮ ಕಡೆ ಆ ಕಾದಂಬರಿ ಎರಡು ಸಲ ಬಂತು ಅನ್ನಿಸುತ್ತದೆ. ಒಂದು ಸಲ ಓದುವವರಿಗೆ, ಇನ್ನೊಂದು ಸಲ ಉಳಿದವರಿಗೆ. ಮೊದಲನೆಯವರು ಎರಡನೆಯದನ್ನು ಅಳೆದು ತೂಗಿ ಅಂಕ ಕೊಟ್ಟರು. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ನನಗೆ ಮೊದಲು ಫೋನ್ ಮಾಡಿದ್ದು ನಾದಿನಿ. ಅವಳು ಅವರ ಒಂದು ಪುಸ್ತಕವನ್ನೂ ಓದಿದವಳಲ್ಲ. "ನಂಜಮ್ಮನ ಮಗ ಹೋದನಂತೆ ಅತ್ತಿಗೆ" ಅಂದಳು. ಕಾದಂಬರಿಯ ವಿಶ್ವನನ್ನೂ ಬರೆದವರನ್ನೂ ಒಂದೇ ಮಾಡಬಾರದು ಅಂತ ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೇನೆ. ಅವಳನ್ನು ತಿದ್ದಲು ಹೋಗಲಿಲ್ಲ.

ಕೊನೆಯ ಕಂತುಗಳಿಗೆ ನಮ್ಮ ಹಜಾರದಲ್ಲಿ ಜಾಗ ಇರಲಿಲ್ಲ. ಎದುರುಮನೆಯ ಅಜ್ಜಿ ತಮ್ಮ ಮನೆಯಲ್ಲಿ ಟೀವಿ ಇದ್ದರೂ ಇಲ್ಲಿಗೇ ಬಂದರು. ಅವರು ಲಿಂಗಾಯತರು. ನಂಜಮ್ಮ ಹೋದ ಮೇಲೆ ದಿಕ್ಕಿಲ್ಲದ ವಿಶ್ವನನ್ನು ಜಂಗಮರಾದ ಮಹದೇವಯ್ಯ ಕರೆದುಕೊಂಡು ಹೊರಡುತ್ತಾರೆ. "ನೋಡಿದ್ರಾ, ನಮ್ಮ ಅಯ್ಯನೋರೇ ಬೇಕಾಯ್ತು" ಅಂದರು ಅವರು. ಮೊದಲ ದಿನದಿಂದ ಮಹದೇವಯ್ಯನವರ ಮೇಲೆ ಅವರಿಗೆ ಅಭಿಮಾನ, ಅವರು ಬರದ ಕಂತು ಅವರ ಲೆಕ್ಕದಲ್ಲಿ ದಂಡ. ನಮ್ಮಜ್ಜಿ ಒಪ್ಪಿಕೊಂಡರು: "ಹೌದು ಕಣೇ. ನೆಂಟರು ಇದ್ದೂ ಏನಾಯ್ತು." ಮಾವ ಏನೋ ಹೇಳಲು ಹೊರಟು ಸುಮ್ಮನಾದರು.

ಎಲ್ಲರೂ ಎದ್ದು ಹೋದ ಮೇಲೆ ಅಜ್ಜಿ ನನ್ನನ್ನು ಕರೆದು, ಆ ಹುಡುಗ ಆಮೇಲೆ ಏನಾದ ಅಂತ ಕೇಳಿದರು. ಕಥೆ ಅಲ್ಲಿಗೆ ನಿಂತಿದೆ ಅಂದೆ. ಅದು ಅವರಿಗೆ ಒಪ್ಪಿಗೆಯಾಗಲಿಲ್ಲ. ಹಾಗಾದರೆ ಬರೆದವರು ಎಲ್ಲಿದ್ದಾರೆ ಅಂದರು. ಮೈಸೂರಿನಲ್ಲಿ ಅಂದೆ. ಮನೆ ಸ್ವಂತದ್ದೋ ಬಾಡಿಗೆಯದೋ ಅಂತ ಕೇಳಿದರು. ಸ್ವಂತದ್ದೇ ಇರಬೇಕು ಅಂದೆ. "ಸದ್ಯ" ಅಂದರು.

ಧಾರಾವಾಹಿ ಮುಗಿದ ವಾರ ಆ ಹೊತ್ತಿಗೆ ಏನು ಮಾಡಬೇಕು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಬೇರೆ ಧಾರಾವಾಹಿ ಹಾಕಿ ನೋಡಿದೆವು, ಹಿಡಿಸಲಿಲ್ಲ. ಒಂದು ದಿನ ನಾನೇ 'ಗೃಹಭಂಗ'ವನ್ನು ಬೀರುವಿನಿಂದ ತೆಗೆದು ಅಜ್ಜಿಯ ಮುಂದೆ ಕೂತು ಮೊದಲ ಪುಟದಿಂದ ಓದಲು ಶುರುಮಾಡಿದೆ. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಕೈ ಅಡ್ಡ ಹಿಡಿದರು.

"ಟೀವೀಲಿ ಬಂದಿದ್ದನ್ನ ಮತ್ತೆ ಯಾಕೆ ಓದ್ತೀಯ? ಬರದೇ ಇರೋದು ಎಲ್ಲೆಲ್ಲಿದೆ, ಅದನ್ನ ಓದು."

ಅದು ಎಲ್ಲೆಲ್ಲಿದೆ ಅಂತ ಗೊತ್ತಿದ್ದವರು ಮಾವ ಒಬ್ಬರೇ. ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಪುಟದ ಅಂಚಿನ ಪೆನ್ಸಿಲ್ ಗೆರೆಗಳನ್ನು ಹುಡುಕಿ ಹುಡುಕಿ ತೋರಿಸಿದರು, ನಾನು ಓದುತ್ತಾ ಹೋದೆ. ಗಂಗಮ್ಮನ ಬೈಗುಳ ಬಂದ ಕಡೆ ನಾನು ತಡವರಿಸಿದೆ. ಅತ್ತೆ ಅಡುಗೆಮನೆಯಿಂದಲೇ, "ಬಿಡಬೇಡ, ಪೂರ್ತಿ ಓದು" ಅಂದರು.